ಅಲ್ಪಾದಾಯದ ಗೃಹಸ್ಥನ ಸಂವತ್ಸರಗಣನೆಯೂ ಪರಸ್ಪರೋಪಕಾರವೂ

ರಾಜರ ದಾನಶಾಸನಗಳನ್ನೂ ಸೇನಾನಿಗಳ ವಿಜಯಗಳನ್ನೂ ಕುರಿತು ಈ ದೇಶದಲ್ಲಿ ವಿಪುಲವಾಗಿ ಸಂಶೋಧನೆ ನಡೆದಿದೆ. ಆದರೆ ಒಂದು ಸಾಧಾರಣ ಕುಟುಂಬವು ತನಗೆ ದೊರೆತ ಅಲ್ಪಾದಾಯದಿಂದ ಒಂದು ಸುಗ್ಗಿಯಿಂದ ಮತ್ತೊಂದು ಸುಗ್ಗಿಯವರೆಗೆ ಹೇಗೆ ಕಾಲಯಾಪನೆ ಮಾಡುತ್ತಿದ್ದಿತೆಂಬುದು ಅಷ್ಟಾಗಿ ವಿಚಾರಿತವಾದ ವಿಷಯವಲ್ಲ. ಮಿತವ್ಯಯವು ಒಬ್ಬೊಬ್ಬ ಗೃಹಸ್ಥನ ಸ್ವಂತ ಗುಣ. ಕೈಹಿಡಿದು ಬಾಳಿದವನು ಉಳಿದನು, ಬಾಳದವನು ಕೆಟ್ಟನು ಎಂಬುದು ಲೋಕದ ಸಾಮಾನ್ಯಾಭಿಪ್ರಾಯ. ಪ್ರಾಚೀನ ಗ್ರಂಥಗಳಲ್ಲಿ ಹುದುಗಿರುವ ಲೆಕ್ಕಗಳನ್ನು ಕೂಡಿ ಕಳೆದು ನೋಡಿದರೆ ಈ ಅಭಿಪ್ರಾಯವು ಅರ್ಧಸತ್ಯವೆಂದು ವಿದಿತವಾಗುತ್ತದೆ. ಆ ಲೆಕ್ಕಗಳಲ್ಲಿ ಬಡಗೃಹಸ್ಥನ ಆಯವ್ಯಯವು ಅವನ ಮನೆಯೊಳಗೇ ಸರಿದೂಗುವುದಿಲ್ಲ. ಉಳಿದ ಕೊರತೆಯನ್ನು ನೆರೆಹೊರೆಯು ತುಂಬಬೇಕಾಗುತ್ತದೆ. ಈ ಅಂಶವನ್ನು ಸಾಧಾರವಾಗಿ ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

೧. ಗೃಹಿಣಿಯ ಲೆಕ್ಕ

ಸಂವತ್ಸರದ ಆದಾಯವನ್ನು ಮೊದಲು ಗಣನೆಮಾಡಿ ಅದಕ್ಕೆ ಅನುರೂಪವಾಗಿ ವ್ಯಯಮಾಡಬೇಕೆಂಬ ಸ್ಪಷ್ಟವಾದ ವಿಧಿಯು ದೊರೆಯುವುದು ಅರ್ಥಶಾಸ್ತ್ರದಲ್ಲಿಯೂ ಅಲ್ಲ, ಧರ್ಮಶಾಸ್ತ್ರದಲ್ಲಿಯೂ ಅಲ್ಲ. ವಾತ್ಸ್ಯಾಯನನ ಕಾಮಸೂತ್ರದ ಭಾರ್ಯಾಧಿಕಾರಿಕ ಪ್ರಕರಣದಲ್ಲಿ. ಆ ಗ್ರಂಥದ ಹೆಸರನ್ನು ಮಾತ್ರ ಬಲ್ಲವರಿಗೆ ಇದು ಆಶ್ಚರ್ಯವೆಂದು ತೋರಬಹುದು. ಅಲ್ಲಿ ಈ ಗಣನೆಯ ಭಾರವನ್ನು ಹೊರಿಸಿರುವುದು ಗೃಹಿಣಿಯ ಮೇಲೆ. ಅವಳ ಕರ್ತವ್ಯಗಳ ಪಟ್ಟಿಯು ಬಹು ಸೂಕ್ಷ್ಮವಾದುದು. ಊಟವಾಗಿ ಮಿಕ್ಕ ಹಾಲುಮೊಸರಿನಿಂದ ತುಪ್ಪವನ್ನು ತೆಗೆಯುವುದು, ಹತ್ತಿಯಿಂದ ನೂಲು ತೆಗೆಯುವುದು, ನೂಲಿನಿಂದ ಬಟ್ಟೆ ನೇಯುವುದು, ನೆಲುವು ಹಗ್ಗ ನಾರುಗಳನ್ನು ಸಂಗ್ರಹಿಸುವುದು, ಕುಟ್ಟುವ ಬೀಸುವ ಕೆಲಸಗಳನ್ನು ನೋಡಿಕೊಳ್ಳುವುದು ಎಲ್ಲವೂ ಅದರಲ್ಲಿವೆ. ಅನ್ನದ ಗಂಜಿ, ಹೊಟ್ಟು, ನುಚ್ಚು, ತವುಡು, ಒಲೆಯ ಇದ್ದಲು ಇವುಗಳನ್ನೂ ವ್ಯರ್ಥಮಾಡದೆ ಉಪಯೋಗಿಸಬೇಕೆಂದು ಸೂತ್ರಕಾರನು ಹೇಳುತ್ತಾನೆ. ಮನುವೂ ಪಂಚಮಾಧ್ಯಾಯದಲ್ಲಿ ಗೃಹಿಣಿಯು ವ್ಯಯದಲ್ಲಿ ಕೈಬಿಚ್ಚಿದವಳಾಗಿರಬಾರದೆಂದು ವಿಧಿಸಿದ್ದಾನೆ.

ಇಲ್ಲಿ ಎರಡು ಸಂಗತಿಗಳು ಗಮನಾರ್ಹ. ವಾತ್ಸ್ಯಾಯನನು ವರ್ಣಿಸಿರುವ ಮನೆಯು ಬಡವನದಲ್ಲ, ಭೃತ್ಯರುಳ್ಳ ನಾಗರಕನದು. ಅಂತಹ ಮನೆಯಲ್ಲಿಯೇ ನುಚ್ಚು ತವುಡಿಗೂ ಲೆಕ್ಕವಿದ್ದಿತೆಂದ ಮೇಲೆ ಕೂಲಿಯವನ ಮನೆಯ ಮಾತನ್ನು ಹೇಳಬೇಕಾದುದಿಲ್ಲ. ಎರಡನೆಯದಾಗಿ, ಮಿತವ್ಯಯದ ಕೀರ್ತಿಯು ಗೃಹಸ್ಥನಿಗೆ ಸಲ್ಲುತ್ತಿದ್ದರೂ ಅದರ ಶ್ರಮವು ಬಹುಮಟ್ಟಿಗೆ ಹೆಂಗಸರದಾಗಿದ್ದಿತು.

೨. ಅರವತ್ತು ಪಣದ ಕುಟುಂಬ

ಕೂಲಿಯವನ ಮನೆಯ ಲೆಕ್ಕವನ್ನು ತಿಳಿಯಲು ಕೌಟಿಲ್ಯನ ಅರ್ಥಶಾಸ್ತ್ರವೇ ಗತಿ. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ದೊರೆತು ೧೯೦೯ರಲ್ಲಿ ಅಚ್ಚಾದ ಈ ಗ್ರಂಥವು ರಾಜನೀತಿಯ ಆಕರವೆಂದು ಪ್ರಸಿದ್ಧವಾಗಿದೆ. ಬಡವನ ಊಟದ ಆಕರವೂ ಅದೇ.

ಕೌಟಿಲ್ಯನು ಭೃತ್ಯಭರಣೀಯ ಪ್ರಕರಣದಲ್ಲಿ ೪೮,೦೦೦ ಪಣಗಳಿಂದ ಮೊದಲುಮಾಡಿ ವೇತನಗಳನ್ನು ಇಳಿಸುತ್ತ ಬಂದು ಪರಿಚಾರಕರೇ ಮುಂತಾದ ಕಡೆಯ ವರ್ಗದವರಿಗೆ ೬೦ ಪಣಗಳನ್ನು ಗೊತ್ತುಮಾಡಿದ್ದಾನೆ. ಇದು ವಾರ್ಷಿಕ ವೇತನವೆಂದು ಸಾಮಾನ್ಯವಾಗಿ ವ್ಯಾಖ್ಯಾತವಾಗಿದೆ. ೬೦ ಪಣದ ವೇತನಕ್ಕೆ ಒಂದು ಆಢಕವೆಂಬ ಪ್ರಮಾಣದಲ್ಲಿ ಧಾನ್ಯವನ್ನು ಕೊಡಬೇಕೆಂದೂ ಅಲ್ಲಿಯೇ ಹೇಳಿದೆ. ಆಢಕವೊಂದಕ್ಕೆ ೪ ಪ್ರಸ್ಥ. ಕೋಷ್ಠಾಗಾರಾಧ್ಯಕ್ಷ ಪ್ರಕರಣದಲ್ಲಿ ಊಟದ ಅಳತೆಯು ಹೀಗಿದೆ: ಆರ್ಯಪುರುಷನಿಗೆ ಒಂದು ಪ್ರಸ್ಥ ಅಕ್ಕಿ, ಅದರ ಕಾಲುಭಾಗ ಬೇಳೆ, ಬೇಳೆಯ ೧೬ನೆಯ ಒಂದು ಪಾಲು ಉಪ್ಪು, ಬೇಳೆಯ ಕಾಲುಭಾಗ ತುಪ್ಪ ಅಥವಾ ಎಣ್ಣೆ. ಕೆಳಗಿನವರಿಗೆ ಅಕ್ಕಿಯ ಆರನೆಯ ಒಂದು ಭಾಗ ಬೇಳೆ, ಎಣ್ಣೆ ಅರ್ಧ. ಹೆಂಗಸರಿಗೆ ಮುಕ್ಕಾಲು ಪಾಲು, ಮಕ್ಕಳಿಗೆ ಅರ್ಧ ಪಾಲು.

ಈಗ ಗಂಡ, ಹೆಂಡತಿ, ಇಬ್ಬರು ಮಕ್ಕಳಿರುವ ಒಂದು ಮನೆಯನ್ನು ಕಲ್ಪಿಸಿ, ಆ ಮನೆಯವನಿಗೆ ಹಣಕ್ಕೆ ಬದಲಾಗಿ ದಿನವೊಂದಕ್ಕೆ ಒಂದು ಆಢಕ ಧಾನ್ಯವೇ ದೊರೆಯುತ್ತಿದ್ದಿತೆಂದು ಇಟ್ಟುಕೊಳ್ಳೋಣ. ಗಂಡನಿಗೆ ೧ ಪ್ರಸ್ಥ, ಹೆಂಡತಿಗೆ ಮುಕ್ಕಾಲು, ಮಕ್ಕಳಿಬ್ಬರಿಗೆ ೧. ಒಟ್ಟು ದಿನಕ್ಕೆ ಎರಡೂಮುಕ್ಕಾಲು ಪ್ರಸ್ಥ. ಮಿಕ್ಕುವುದು ಒಂದೂಕಾಲು ಪ್ರಸ್ಥ. ಕೌಟಿಲ್ಯನ ಕರ್ಮಸಂವತ್ಸರಕ್ಕೆ ೩೫೪ ದಿನ. ಆದುದರಿಂದ ವರ್ಷಕ್ಕೆ ಬರುವುದು ೧,೪೧೬ ಪ್ರಸ್ಥ. ಉಣ್ಣುವುದು ೯೭೩೧/೨ ಪ್ರಸ್ಥ. ಉಳಿಯುವುದು ೪೪೨೧/೨ ಪ್ರಸ್ಥ. ಬೇಳೆ, ಉಪ್ಪು, ಎಣ್ಣೆ, ಬಟ್ಟೆ, ಮಡಕೆ, ಮದ್ದು, ಹಬ್ಬ, ಮದುವೆ, ಮರಣ ಎಲ್ಲಕ್ಕೂ ಇಷ್ಟೇ ಮೂಲಧನ. ವೃದ್ಧಳಾದ ತಾಯಿಯೊಬ್ಬಳು ಮನೆಯಲ್ಲಿದ್ದರೆ ಉಳಿತಾಯವು ದಿನಕ್ಕೆ ಅರ್ಧ ಪ್ರಸ್ಥಕ್ಕೆ ಇಳಿದು, ವರ್ಷಕ್ಕೆ ೧೭೭ ಪ್ರಸ್ಥ ಮಾತ್ರವಾಗುತ್ತದೆ.

ಇದೂ ದೊರೆತ ಧಾನ್ಯವು ಸ್ವಚ್ಛವಾದ ಅಕ್ಕಿಯಾಗಿದ್ದ ಪಕ್ಷದಲ್ಲಿ. ವ್ರೀಹಿ ಹಾರಕಗಳನ್ನು ಕುಟ್ಟಿದರೆ ಸಾರವು ಅರ್ಧವೆಂದು ಕೌಟಿಲ್ಯನೇ ಹೇಳಿದ್ದಾನೆ. ಅಂತಹ ಧಾನ್ಯವಾದರೆ ಆಢಕದಿಂದ ಬರುವುದು ಎರಡೇ ಪ್ರಸ್ಥ. ತಾಯಿಯಿಲ್ಲದ ಆ ಚಿಕ್ಕ ಮನೆಗೂ ದಿನಕ್ಕೆ ಮುಕ್ಕಾಲು ಪ್ರಸ್ಥದ ಕೊರತೆ. ಈ ಕೊರತೆಯನ್ನು ತುಂಬುವ ದಾರಿಗಳಲ್ಲಿ ಒಂದು ಸೂತ್ರಾಧ್ಯಕ್ಷ ಪ್ರಕರಣದಲ್ಲಿ ಕಾಣುತ್ತದೆ. ವಿಧವೆಯರು, ಅಂಗಹೀನೆಯರು, ಕನ್ಯೆಯರು ಮುಂತಾದವರಿಗೆ ನೂಲುವ ಕೆಲಸವನ್ನು ಕೊಡಬೇಕು. ಮನೆಯಿಂದ ಹೊರಬಾರದವರಿಗೆ ದಾಸಿಯರ ಮೂಲಕ ಹತ್ತಿಯನ್ನು ಕಳುಹಿಸಬೇಕು ಎಂದು ಅಲ್ಲಿ ವಿಧಿಯಿದೆ.

ಎರಡನೆಯ ದಾರಿಯು ಸಾಲ. ಹಣಕ್ಕೆ ಧರ್ಮ್ಯವಾದ ಬಡ್ಡಿಯು ನೂರಕ್ಕೆ ತಿಂಗಳಿಗೆ ಒಂದೂಕಾಲು ಪಣ, ಎಂದರೆ ವರ್ಷಕ್ಕೆ ೧೫. ಧಾನ್ಯದ ಸಾಲಕ್ಕೆ ಸುಗ್ಗಿಯ ವೇಳೆಗೆ ಅರ್ಧದವರೆಗೂ ವೃದ್ಧಿ. ಮಳೆಗಾಲದಲ್ಲಿ ೨೦ ಆಢಕವನ್ನು ತಂದವನು ಸುಗ್ಗಿಯಲ್ಲಿ ೩೦ ಆಢಕವನ್ನು ಅಳೆಯಬೇಕು. ಕೈಹಿಡಿದು ನಡೆಸುವ ಗುಣವು ಎಷ್ಟೇ ಇರಲಿ, ಈ ಹತ್ತು ಆಢಕವನ್ನು ಮುಂದಿನ ವರ್ಷದ ಊಟದಿಂದಲೇ ಕಳೆಯಬೇಕಲ್ಲವೆ? ಆದಕಾರಣ ಬಡ್ಡಿಯಿಲ್ಲದೆ ಕೊಡುಕೊಳೆಯಾಗುವ ಮೂರನೆಯ ದಾರಿಯೊಂದು ಇಲ್ಲದಿದ್ದರೆ ಇಂತಹ ಕುಟುಂಬಗಳು ನಿಲ್ಲುವುದೇ ಅಸಾಧ್ಯ.

೩. ಕುಸೂಲವೆಂದರೆ ಎಷ್ಟು?

ಧರ್ಮಶಾಸ್ತ್ರಕಾರರು ಬ್ರಾಹ್ಮಣಗೃಹಸ್ಥನನ್ನು ಧಾನ್ಯಸಂಗ್ರಹದ ಪ್ರಮಾಣದಿಂದ ನಾಲ್ಕು ಬಗೆಯಾಗಿ ವಿಭಾಗಿಸಿದ್ದಾರೆ: ಕುಸೂಲಧಾನ್ಯ, ಕುಂಭೀಧಾನ್ಯ, ಮೂರು ದಿನಕ್ಕೆ ಸಾಲುವಷ್ಟು ಉಳ್ಳವನು, ನಾಳೆಗೂ ಇಲ್ಲದವನು. ಇವರಲ್ಲಿ ಉತ್ತರೋತ್ತರನು ಶ್ರೇಷ್ಠನೆಂದು ಮನುಯಾಜ್ಞವಲ್ಕ್ಯರಿಬ್ಬರ ಮತ. ಕುಸೂಲವೆಂದರೆ ಕಣಜ, ಕುಂಭಿಯೆಂದರೆ ಮಣ್ಣಿನ ಗುಡಾಣ. ಅವುಗಳಲ್ಲಿ ಎಷ್ಟು ಕಾಲಕ್ಕೆ ಸಾಲುವ ಧಾನ್ಯವಿರಬೇಕು ಎಂಬಲ್ಲಿ ವ್ಯಾಖ್ಯಾನಕಾರರಲ್ಲಿ ಮಹತ್ತಾದ ಭೇದವಿದೆ. ಮನುವಿನ ವ್ಯಾಖ್ಯಾನಕಾರನಾದ ಕುಲ್ಲೂಕಭಟ್ಟನು ಕುಸೂಲಕ್ಕೆ ಮೂರು ವರ್ಷ, ಕುಂಭಿಗೆ ಒಂದು ವರ್ಷ ಎಂದು ಹೇಳುತ್ತಾನೆ. ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (ಕ್ರಿ. ಶ. ೧೦೭೬–೧೧೨೬) ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನಾದರೋ ಕುಸೂಲಕ್ಕೆ ಹನ್ನೆರಡೇ ದಿನ, ಕುಂಭಿಗೆ ಆರೇ ದಿನ ಎನ್ನುತ್ತಾನೆ.

ಮೂರು ವರ್ಷವೆಲ್ಲಿ, ಹನ್ನೆರಡು ದಿನವೆಲ್ಲಿ! ಈ ಭೇದವನ್ನು ಕೇವಲ ಶಬ್ದಾರ್ಥದ ಜಗಳವೆಂದು ತಳ್ಳಿಬಿಡಲಾಗದು. ಮೂರು ವರ್ಷದ ಕಣಜವುಳ್ಳವನು ಒಂದು ಬರಗಾಲವನ್ನು ಯಾರ ಹಂಗೂ ಇಲ್ಲದೆ ದಾಟಬಲ್ಲನು. ಹನ್ನೆರಡು ದಿನದ ಕಣಜವುಳ್ಳವನು ಹದಿಮೂರನೆಯ ದಿನ ಇನ್ನೊಬ್ಬರ ಬಾಗಿಲಿಗೆ ಹೋಗಲೇಬೇಕು. ವಿಜ್ಞಾನೇಶ್ವರನ ಗೃಹಸ್ಥನು ಬದುಕಬೇಕಾದರೆ ಅವನ ಸುತ್ತಲೂ ಕೊಡುವ ಮನೆಗಳಿರಬೇಕು. ಇದರಿಂದ ಅಪರಿಗ್ರಹವೆಂಬ ವ್ರತವು ಒಬ್ಬನದಾದರೂ ಅದರ ನಿರ್ವಾಹವು ಊರಿನದು ಎಂದು ಸಿದ್ಧವಾಗುತ್ತದೆ.

ಅದೇ ಕಲ್ಯಾಣಪಟ್ಟಣದಲ್ಲಿ, ವಿಜ್ಞಾನೇಶ್ವರನಿಗೆ ಸ್ವಲ್ಪ ಈಚೆಗೆ, ಹನ್ನೆರಡನೆಯ ಶತಮಾನದ ಮಧ್ಯದಲ್ಲಿ ಈ ಪ್ರಶ್ನೆಗೆ ಮತ್ತೊಂದು ಉತ್ತರವು ಹುಟ್ಟಿತು. ಆಯ್ದಕ್ಕಿ ಮಾರಯ್ಯನು ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹವನ್ನು ನಡೆಸುವ ಕಾಯಕದವನು. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚಾಗಿ ತರಲು, ಪತ್ನಿಯಾದ ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಿನ ಅಕ್ಕಿಯನ್ನು ತಂದಲ್ಲಿಯೇ ಸುರಿದು ಬರುವಂತೆ ಅವನನ್ನು ಹಿಂದಕ್ಕೆ ಕಳುಹಿಸಿದಳೆಂಬುದು ಶರಣಸಂಪ್ರದಾಯದಲ್ಲಿ ಪ್ರಸಿದ್ಧವಾದ ಕಥೆ. ಇಬ್ಬರ ಹೆಸರಿನಲ್ಲಿಯೂ ವಚನಗಳು ಉಪಲಬ್ಧವಾಗಿವೆ. ಸ್ಮೃತಿಗಳಲ್ಲಿ ಹೇಳಿರುವ ಶಿಲೋಂಛವೃತ್ತಿಯೂ, ಎಂದರೆ ಬಿದ್ದ ತೆನೆಕಾಳುಗಳನ್ನು ಆಯ್ದು ಜೀವಿಸುವ ವೃತ್ತಿಯೂ, ಮಾರಯ್ಯನ ಕಾಯಕವೂ ಹೊರನೋಟಕ್ಕೆ ಒಂದೇ. ಆದರೆ ಅಂತರವು ದೊಡ್ಡದು. ಉಂಛವೃತ್ತಿಯು ಒಂದು ವರ್ಣದ ಗೃಹಸ್ಥನಿಗೆ ವಿಹಿತವಾದುದು. ಕಾಯಕವು ಯಾರಿಗೂ ತೆರೆದುದು. ವಾತ್ಸ್ಯಾಯನನ ಗೃಹಿಣಿಯು ಮನೆಯಿಂದ ಹೊರಕ್ಕೆ ಹೋಗುವುದನ್ನು ಅಳೆಯುತ್ತಾಳೆ. ಲಕ್ಕಮ್ಮನು ಮನೆಯೊಳಕ್ಕೆ ಬರುವುದನ್ನು ಅಳೆದಳು. ಇಂದು ಬೇಕಾದುದಕ್ಕಿಂತ ಮಿಕ್ಕುದು ತಮ್ಮದಲ್ಲ, ಅದು ಮತ್ತೊಬ್ಬರಿಗೆ ಸಲ್ಲತಕ್ಕದ್ದು ಎಂಬುದೇ ಅವಳ ಆಯವ್ಯಯದ ಸೂತ್ರ.

೪. ಬರೆದ ಒಡಂಬಡಿಕೆಯೂ ಬರೆಯದ ಒಡಂಬಡಿಕೆಯೂ

ಪರಸ್ಪರೋಪಕಾರವು ಕೇವಲ ಸೌಜನ್ಯವಾಗಿರದೆ ವ್ಯವಹಾರಬದ್ಧವೂ ಆಗಿದ್ದಿತೆಂಬುದಕ್ಕೆ ಬೃಹಸ್ಪತಿಯ ವಚನವು ಪ್ರಮಾಣ. ಮೂಲರೂಪದಲ್ಲಿ ನಷ್ಟವಾದ ಈ ಸ್ಮೃತಿಯ ವಚನಗಳನ್ನು ನಿಬಂಧಗಳಿಂದ ಆಯ್ದು ಕೆ. ವಿ. ರಂಗಸ್ವಾಮಿ ಅಯ್ಯಂಗಾರ್ಯರು ೧೯೪೧ರಲ್ಲಿ ಬರೋಡೆಯ ಗ್ರಂಥಮಾಲೆಯಲ್ಲಿ ಪ್ರಕಟಿಸಿದರು. ಸಭಾಗೃಹ, ಅರವಟ್ಟಿಗೆ, ದೇವಾಲಯ, ಕೆರೆ, ತೋಟ ಇವುಗಳ ದುರಸ್ತಿಯನ್ನೂ, ಅನಾಥರಿಗೂ ದರಿದ್ರರಿಗೂ ಸಲ್ಲಬೇಕಾದ ಸಂಸ್ಕಾರಗಳನ್ನೂ ತಾವೆಲ್ಲರೂ ಅಂಶಾನುಸಾರವಾಗಿ ನಡೆಸುವುದಾಗಿ ಊರವರು ಪತ್ರದಲ್ಲಿ ಬರೆದುಕೊಂಡರೆ ಅದು ಧರ್ಮ್ಯವಾದ ಸಮಯವೆಂದು ಅಲ್ಲಿ ಹೇಳಿದೆ. ಕೌಟಿಲ್ಯನೂ ಕೂಡಿ ಕಟ್ಟುವ ಸೇತುವಿನ ಕೆಲಸದಿಂದ ಜಾರಿಕೊಂಡವನ ಆಳುಗಳೂ ಎತ್ತುಗಳೂ ದುಡಿಯಬೇಕು, ಅವನು ವೆಚ್ಚದಲ್ಲಿ ಪಾಲುಗೊಳ್ಳಬೇಕು, ಲಾಭದಲ್ಲಿ ಅವನಿಗೆ ಪಾಲಿಲ್ಲ ಎಂದು ಕಟ್ಟುಮಾಡಿದ್ದಾನೆ.

ಕನ್ನಡ ನಾಡಿನ ಹಳ್ಳಿಗಳಲ್ಲಿ ಇದಕ್ಕೆ ಸಮನಾದ ಬರೆಯದ ಒಡಂಬಡಿಕೆಗಳಿದ್ದವು. ಕಣದಲ್ಲಿ ರಾಶಿಯನ್ನು ಅಳೆಯುವಾಗಲೇ ಬಡಗಿ, ಕಮ್ಮಾರ, ಕುಂಬಾರ, ಅಗಸ, ನಾಯಿಂದ, ನೀರುಗಂಟಿ, ತಳವಾರ, ತೋಟಿ ಮುಂತಾದ ಆಯಗಾರರಿಗೆ ಅವರವರ ಆಯವು ಸಲ್ಲುತ್ತಿದ್ದಿತು. ರೈತನಿಗೆ ವರ್ಷವೆಲ್ಲ ನೇಗಿಲು ಕುಡ ಮಡಕೆಗಳಿಗಾಗಿ ಕಾಸು ತೆರುವ ಕಷ್ಟವಿಲ್ಲ. ಆಯಗಾರನಿಗೆ ವರ್ಷದ ಕಾಳಿನ ಭರವಸೆಯುಂಟು. ಇದನ್ನು ಸಮಾನತೆಯೆಂದು ಭ್ರಮಿಸಬಾರದು. ತೋಟಿಯ ಪಾಲು ಕಿರಿದು, ಅವನ ಕೆಲಸ ಹಿರಿದು, ಕಣದಲ್ಲಿ ಅವನು ನಿಲ್ಲುವ ಸ್ಥಳವೂ ದೂರ. ಆದರೂ ಅವನ ಹೆಸರು ಲೆಕ್ಕದಿಂದ ಬಿಟ್ಟುಹೋಗುತ್ತಿರಲಿಲ್ಲ.

ಸಮಾನರೊಳಗಿನ ಪದ್ಧತಿಯು ಮುಯ್ಯಿ. ಇಂದು ಒಬ್ಬನ ಹೊಲದಲ್ಲಿ ನಾಲ್ಕು ಮನೆಯವರು ನಾಟಿಗೋ ಕೊಯ್ಲಿಗೋ ಬಂದರೆ, ನಾಳೆ ಅವನು ಆ ನಾಲ್ವರ ಹೊಲಗಳಲ್ಲಿ ದುಡಿಯುವುದು ಮುಯ್ಯಾಳಿನ ಕ್ರಮ. ಮದುವೆಯಲ್ಲಿ ನೆಂಟರಿಷ್ಟರು ಕೊಡುವ ಉಡುಗೊರೆಗೂ ಮುಯ್ಯಿಯೆಂದೇ ಹೆಸರು. ಅದನ್ನು ಅವರ ಮನೆಯ ಶುಭಕಾರ್ಯದಲ್ಲಿ ತೀರಿಸಬೇಕು. ಇಲ್ಲಿ ಋಣವುಂಟು, ಬಡ್ಡಿಯಿಲ್ಲ. ಅರವತ್ತು ಪಣದ ಕುಟುಂಬದ ಲೆಕ್ಕದಲ್ಲಿ ಬೇಕಾಗಿದ್ದ ಮೂರನೆಯ ದಾರಿಯು ಇದೇ. ಪಾಠಶಾಲೆಯ ಬಡವಿದ್ಯಾರ್ಥಿಗಳಿಗೆ ವಾರದ ಒಂದೊಂದು ದಿನ ಒಂದೊಂದು ಮನೆಯವರು ಊಟವಿಡುತ್ತಿದ್ದ ವಾರಾನ್ನದ ಏರ್ಪಾಡೂ ಈ ಜಾತಿಯದೇ. ಏಳು ಮನೆಗಳಲ್ಲಿ ಯಾವುದಕ್ಕೂ ಭಾರವಾಗದಂತೆ ಒಬ್ಬ ವಿದ್ಯಾರ್ಥಿಯ ವರ್ಷವು ಕಳೆಯುತ್ತಿದ್ದಿತು.

೫. ಒಡಂಬಡಿಕೆಯು ಮುರಿದ ಕಾಲ

ಈ ಏರ್ಪಾಡುಗಳಿಗೆ ಒಂದು ಮಿತಿಯುಂಟು. ಒಂದು ಮನೆಗೆ ಬಂದ ಕಷ್ಟವನ್ನು ನಾಲ್ಕು ಮನೆಗಳು ಹೊರಬಲ್ಲವು. ನಾಲ್ಕು ಮನೆಗಳಿಗೂ ಏಕಕಾಲದಲ್ಲಿ ಬಂದರೆ ಹೊರುವವರಾರು? ರಾಗಿಯನ್ನು ಹಗೇವುಗಳಲ್ಲಿ ತುಂಬಿಟ್ಟರೆ ಅನೇಕ ವರ್ಷ ಕೆಡದೆ ಉಳಿಯುತ್ತದೆಂಬುದು ನಿಜ. ಆದರೆ ಧಾತು ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ (೧೮೭೬–೭೮) ಮೈಸೂರು ಸೀಮೆಯ ಹಗೇವುಗಳೂ ಬರಿದಾದವು. ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದ ಆ ಸೀಮೆಯ ಜನಸಂಖ್ಯೆಯು ೧೮೭೧ರ ಖಾನೇಷುಮಾರಿಯಲ್ಲಿ ೫೦ ಲಕ್ಷಕ್ಕಿಂತ ತುಸು ಹೆಚ್ಚಾಗಿದ್ದುದು ೧೮೮೧ರಲ್ಲಿ ೪೨ ಲಕ್ಷಕ್ಕಿಂತ ಕಡಿಮೆಯಾಯಿತು. ಸತ್ತವರೆಲ್ಲರೂ ದುಂದುಗಾರರಾಗಿದ್ದರೆಂದು ಯಾರು ಹೇಳಬಲ್ಲರು? ಜನಪದದ ಆಪತ್ತಿಗಾಗಿ ಕೋಷ್ಠಾಗಾರದ ಅರ್ಧಭಾಗವನ್ನು ಪ್ರತ್ಯೇಕವಾಗಿಡಬೇಕೆಂದೂ, ಹೊಸ ಧಾನ್ಯ ಬಂದಂತೆ ಹಳೆಯದನ್ನು ತೆಗೆಯಬೇಕೆಂದೂ ಕೌಟಿಲ್ಯನು ವಿಧಿಸಿದುದರ ಪ್ರಯೋಜನವು ಇಲ್ಲಿ ಅರಿವಾಗುತ್ತದೆ. ಮನೆಯ ಮಿತವ್ಯಯಕ್ಕೆ ಊರೂ, ಊರಿನ ಒಡಂಬಡಿಕೆಗೆ ರಾಜ್ಯವೂ ಬೆಂಬಲವಾಗಬೇಕು.

ಹಳೆಯ ತತ್ತ್ವವು ಹೊಸ ರೂಪದಲ್ಲಿ ತಲೆಯೆತ್ತಿದುದು ೧೯೦೫ರಲ್ಲಿ. ಹಿಂದಿನ ವರ್ಷ ಜಾರಿಗೆ ಬಂದ ಸಹಕಾರ ಕಾಯಿದೆಯನ್ನು ಅನುಸರಿಸಿ, ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಗದಗು ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಂಘವನ್ನು ಸ್ಥಾಪಿಸಿದರು. ಭಾರತದ ಮೊದಲನೆಯ ಕೃಷಿಪತ್ತಿನ ಸಹಕಾರ ಸಂಘವೆಂದು ಅದು ಪ್ರಸಿದ್ಧವಾಗಿದೆ. ಆ ಕಾಯಿದೆಯಲ್ಲಿ ಗ್ರಾಮಸಂಘಗಳಿಗೆ ಗೊತ್ತುಮಾಡಿದ್ದ ನಿಯಮವು ಅಪರಿಮಿತ ಹೊಣೆ. ಎಂದರೆ ಒಬ್ಬನ ಸಾಲಕ್ಕೆ ಎಲ್ಲರೂ ಜಾಮೀನು. ಸಾಹುಕಾರನಿಗೆ ತೋರಿಸಲು ಒಡವೆಯಿಲ್ಲದವನು ನೆರೆಯವರ ನಂಬಿಕೆಯನ್ನೇ ಅಡವಾಗಿ ತೋರಿಸಿದನು. ಬೃಹಸ್ಪತಿಯು ಹೇಳಿದ ಪತ್ರವೂ ಮುಯ್ಯಿಯ ಬಾಯಿಮಾತೂ ಇದರಲ್ಲಿ ಕೂಡಿಬಂದುವೆನ್ನಬಹುದು.

ಮೇಲ್ಕಂಡ ಪ್ರಮಾಣಗಳಿಂದ ಫಲಿಸುವುದಿಷ್ಟು. ನುಚ್ಚು ತವುಡನ್ನು ಬಿಸುಡದಿರುವುದು, ಆದಾಯವನ್ನರಿತು ವ್ಯಯಮಾಡುವುದು ಅವಶ್ಯವೇ ಸರಿ. ಅದಿಲ್ಲದೆ ಯಾವ ಸಹಾಯವೂ ನಿಲ್ಲದು. ಆದರೆ ಅರವತ್ತು ಪಣದ ಕುಟುಂಬದ ಲೆಕ್ಕದಲ್ಲಿ ದಿನಕ್ಕೆ ಮುಕ್ಕಾಲು ಪ್ರಸ್ಥದ ಕೊರತೆಯು ಎಷ್ಟು ಜಾಣತನದಿಂದ ಬಾಳಿದರೂ ಅಳಿಯುವುದಿಲ್ಲ. ಅದನ್ನು ತುಂಬುತ್ತಿದ್ದುದು ನೂಲುವ ಕೈ, ನೆರೆಯ ಮುಯ್ಯಿ, ಮತ್ತು ಹೆಚ್ಚಿನ ಅಕ್ಕಿಯನ್ನು ತಂದಲ್ಲಿಗೇ ಹಿಂದಿರುಗಿಸಬಲ್ಲ ಲಕ್ಕಮ್ಮನಂತಹವರ ಮನಸ್ಸು.