ಡಾಟ್‌ಬಸ್ಟರ್ಸ್

ಅಮೆರಿಕದ ನ್ಯೂಜೆರ್ಸಿ ರಾಜ್ಯದ ಜೆರ್ಸಿ ಸಿಟಿಯಲ್ಲಿ 1987ರಲ್ಲಿ ಭಾರತೀಯ ವಲಸಿಗರ ವಿರುದ್ಧ ತಲೆಯೆತ್ತಿದ ದ್ವೇಷ ಗುಂಪು. ಹೆಸರಿನಲ್ಲೇ ಹಿಂದೂ ಹೆಂಗಸರ ಹಣೆಬೊಟ್ಟು ಗುರಿಯಾಗಿತ್ತು.

ಅಮೆರಿಕದಲ್ಲಿ ಭಾರತೀಯರ ನೆಲೆ ಮೊದಲಿಂದಲೂ ಸುಲಭವಾಗಿರಲಿಲ್ಲ. 1923ರ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಭಾರತೀಯರು ‘ಬಿಳಿಯರಲ್ಲ’ವೆಂದು ಪೌರತ್ವ ನಿರಾಕರಿಸಿತ್ತು. 1946ರ ಕಾಯ್ದೆ ಆ ಹಕ್ಕು ಕೊಟ್ಟಿತು. 1965ರ ವಲಸೆ ಕಾಯ್ದೆ ರಾಷ್ಟ್ರವಾರು ಕೋಟಾ ರದ್ದುಪಡಿಸಿತು. ಆಮೇಲೆ ಬಂದವರಲ್ಲಿ ಗುಜರಾತಿಗಳು ಬಹಳ. ಜೆರ್ಸಿ ಸಿಟಿಯ ನ್ಯೂವಾರ್ಕ್ ಅವೆನ್ಯೂದಲ್ಲಿ ಸೀರೆ, ದಿನಸಿ, ಮಿಠಾಯಿ ಅಂಗಡಿಗಳು ಸಾಲುಗಟ್ಟಿದವು.

ಭಾರತೀಯರನ್ನು ಊರು ಬಿಡಿಸುವುದಾಗಿ ಗುಂಪು ಬರೆದ ಬೆದರಿಕೆ ಪತ್ರ ‘ಜೆರ್ಸಿ ಜರ್ನಲ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಟೆಲಿಫೋನ್ ಡೈರೆಕ್ಟರಿಯಲ್ಲಿ ‘ಪಟೇಲ್’ ಎಂಬ ಹೆಸರು ಹುಡುಕಿ ಮನೆಗಳನ್ನು ಪತ್ತೆಹಚ್ಚುತ್ತೇವೆ ಎಂಬ ಮಾತೂ ಅದರಲ್ಲಿತ್ತು. ಗುಜರಾತಿನ ವಡೋದರಾ, ಆಣಂದ್, ಖೇಡಾ ಸೀಮೆಯ ಮನೆಮನೆಯ ಅಡ್ಡಹೆಸರು ಹೀಗೆ ಪರದೇಶದಲ್ಲಿ ಹಲ್ಲೆಕೋರರಿಗೆ ಗುರುತುಚೀಟಿಯಾಯಿತು. ಪತ್ರದ ಕ್ರೌರ್ಯ ಇಲ್ಲೇ ಅತಿ ಸ್ಪಷ್ಟ.

1987ರ ಸೆಪ್ಟೆಂಬರ್‌ನಲ್ಲಿ ಪಕ್ಕದ ಹೊಬೋಕೆನ್‌ನಲ್ಲಿ ಯುವಕರ ಹಲ್ಲೆಗೊಳಗಾದ, ಭಾರತೀಯ ಮೂಲದ ನವ್ರೋಜ್ ಮೋದಿ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆರೋಪಿಗಳ ಮೇಲೆ ಹಲ್ಲೆಯ ಅಪರಾಧ ಸಾಬೀತಾಯಿತೇ ಹೊರತು ಕೊಲೆಯದಲ್ಲ.

ಭಾರತೀಯ ವಿದ್ಯಾರ್ಥಿಗಳೂ ವರ್ತಕರೂ ಪ್ರತಿಭಟನೆಗಿಳಿದರು. 1990ರಲ್ಲಿ ನ್ಯೂಜೆರ್ಸಿ ರಾಜ್ಯವು ಜನಾಂಗ, ಧರ್ಮದ್ವೇಷದ ಅಪರಾಧಗಳಿಗೆ ಹೆಚ್ಚಿನ ಶಿಕ್ಷೆ ವಿಧಿಸುವ ಕಾನೂನು ತಂದಿತು.