ಹಿರೋಶಿಮಾದ ಹಂಚು ಒಪ್ಪಿಸಿದ ಲೆಕ್ಕ

ಆಗಸ್ಟ್ 6 ಬಂತೆಂದರೆ ನಮ್ಮ ಶಾಲೆಗಳಲ್ಲಿ ಹಿರೋಶಿಮಾ ದಿನ. ಸಡಾಕೋ ಕೊಕ್ಕರೆ, ಪೋಸ್ಟರ್, ಮೆರವಣಿಗೆ, ಕ್ವಿಜ್... ಕ್ವಿಜ್‌ನಲ್ಲಿ ನಾವು ಕೇಳುವುದು ಬಾಂಬಿನ ಹೆಸರು, ವಿಮಾನದ ಹೆಸರು. "ಬದುಕಿದವರ ಮೈಗೆ ಎಷ್ಟು ವಿಕಿರಣ ತಾಗಿತು ಅಂತ ಹೇಗೆ ಗೊತ್ತಾಯ್ತು ಟೀಚರ್?" ಎಂದು ಎಂಟನೆಯ ತರಗತಿಯ ಹುಡುಗಿ ಕೇಳಿದಾಗ ನಾವು ತಡವರಿಸಿದೆವು. ಆಮೇಲೆ ಹುಡುಕಿ ಓದಿದ್ದು ಇದು.

1945ರ ಆ ಬೆಳಿಗ್ಗೆ 8.15ಕ್ಕೆ ಊರಿನವರ ಎದೆಯ ಮೇಲೆ ಅಳೆಯುವ ಬ್ಯಾಡ್ಜ್ ಇರಲಿಲ್ಲ. ಅಳೆದಿಟ್ಟದ್ದು ಮನೆಮಾಡಿನ ಹಂಚು!

ಹಂಚಿನ ಮಣ್ಣಿನಲ್ಲಿ ಕ್ವಾರ್ಟ್ಜ್ ಹರಳುಗಳಿರುತ್ತವೆ, ನಮ್ಮ ಬೆಣಚುಕಲ್ಲಿನದೇ ಜಾತಿ. ವಿಕಿರಣ ತಾಗಿದಾಗ ಹರಳಿನ ಕೆಲವು ಇಲೆಕ್ಟ್ರಾನುಗಳು ಜಾಗ ತಪ್ಪಿ, ಹರಳಿನಲ್ಲಿ ದೋಷವಿರುವ ಕಡೆ ಸಿಕ್ಕಿಬೀಳುತ್ತವೆ. ಎಷ್ಟೋ ವರ್ಷ ಅಲ್ಲೇ ಇರುತ್ತವೆ. ಬಿಸಿ ಮಾಡಿದರೆ ಬಿಡುಗಡೆ, ಜೊತೆಗೆ ಸಣ್ಣ ಬೆಳಕು. ಹೆಚ್ಚು ವಿಕಿರಣ ಉಂಡಿದ್ದರೆ ಹೆಚ್ಚು ಬೆಳಕು. ಇದೇ ಥರ್ಮೋಲ್ಯೂಮಿನೆಸೆನ್ಸ್. (ರಾಬರ್ಟ್ ಬಾಯ್ಲ್ 1663ರಲ್ಲೇ ಕತ್ತಲಲ್ಲಿ ವಜ್ರವನ್ನು ಮೈಗೆ ಒತ್ತಿಹಿಡಿದು ಇಂಥ ಬೆಳಕು ಕಂಡಿದ್ದ. ನಾವು ಪಾಠ ಮಾಡುವುದು ಅವನ ಅನಿಲ ನಿಯಮ ಮಾತ್ರ.)

ಹಂಚನ್ನು ಭಟ್ಟಿಯಲ್ಲಿ ಸುಡುವಾಗ ಹಳೆಯದೆಲ್ಲ ಸ್ಲೇಟು ಒರಸಿದ ಹಾಗೆ ಅಳಿದುಹೋಗುತ್ತದೆ. ಅಲ್ಲಿಂದ ಹೊಸ ಲೆಕ್ಕ. ಜಪಾನಿನ ಹಿಗಾಶಿಮುರಾ, ಇಚಿಕಾವಾ, ಸಿದೇಯಿ ಇದನ್ನೇ ಹಿಡಿದರು. ಹಂಚು ಬಿಸಿಮಾಡಿ ಬೆಳಕು ಅಳೆದರು, ಗೊತ್ತಿರುವಷ್ಟು ವಿಕಿರಣ ಕೊಟ್ಟು ಹೋಲಿಸಿದರು. 1963ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಮಣ್ಣಿನಿಂದ, ಆಕಾಶದಿಂದ ದಿನವೂ ಬರುವ ಸಹಜ ವಿಕಿರಣದ ಪಾಲನ್ನು ಕಳೆಯಲೇಬೇಕು. ಇನ್ನೊಂದು ತೊಡಕು ಬೆಂಕಿಯದು. ಬಾಂಬಿನ ನಂತರ ಊರೇ ಉರಿಯಿತಲ್ಲ, ಚೆನ್ನಾಗಿ ಕಾದ ಹಂಚಿನ ಲೆಕ್ಕವೂ ಅಳಿದಿರುತ್ತದೆ! ಹಾಗಾಗಿ ಆರಿಸಿ ತೆಗೆಯಬೇಕಾಯಿತು. ಸ್ಫೋಟದ ನೇರ ಕೆಳಗಿನ ಜಾಗದಿಂದ ಸುಮಾರು 1.4 ಕಿ.ಮೀ. ದೂರದ ಹಿರೋಶಿಮಾ ವಿಶ್ವವಿದ್ಯಾಲಯದ ಕಟ್ಟಡದ ಹಂಚುಗಳೂ ಮುಂದೆ ಸಾಕ್ಷಿಯಾದವು.

ಇದು ಬರೀ ಕುತೂಹಲವಲ್ಲ. ಬದುಕುಳಿದವರಲ್ಲಿ ಎಷ್ಟು ಜನರಿಗೆ ಕ್ಯಾನ್ಸರ್ ಬಂತೆಂದು ಎಣಿಸಬಹುದು. ಆದರೆ ಎಷ್ಟು ವಿಕಿರಣಕ್ಕೆ ಎಷ್ಟು ಅಪಾಯ ಎಂದು ಹೇಳಲು ಡೋಸ್ ಸರಿಯಿರಬೇಕು. 1965ರ ಅಂದಾಜು ಸರಿಯಿರಲಿಲ್ಲ. 1986ರ ಹೊಸ ಪದ್ಧತಿಯಲ್ಲಿ ಹಿರೋಶಿಮಾದ ನ್ಯೂಟ್ರಾನ್ ಲೆಕ್ಕ ಬಹಳ ಇಳಿಯಿತು, ಒಂದು ಕಿ.ಮೀ. ಆಚೆ ಗಾಮಾ ಲೆಕ್ಕ ಏರಿತು. ಗಾಮಾ ಏರಿಕೆಗೆ ಹಂಚುಗಳ ಅಳತೆ ಬೆಂಬಲ ಕೊಟ್ಟಿತು. ಎಕ್ಸ್‌ರೇ ಕೋಣೆಯ ಕೆಲಸಗಾರರಿಗೆ ಇಂದು ಇರುವ ಮಿತಿಗಳ ಹಿಂದೆ ಆ ಊರಿನವರ ಲೆಕ್ಕವಿದೆ. ಅವರು ಎದೆಗೆ ಸಿಕ್ಕಿಸುವ ಟಿಎಲ್‌ಡಿ ಬ್ಯಾಡ್ಜ್‌ನ ತತ್ವವೂ ಇದೇ. ನಮ್ಮ ದೇಶದ ಬ್ಯಾಡ್ಜ್‌ನಲ್ಲಿ ಡಿಸ್ಪ್ರೋಸಿಯಂ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟ್ ಇರುತ್ತದೆ.

ಹುಡುಗಿಗೆ ಇಷ್ಟನ್ನೂ ಹೇಳಿದೆವು. ತಲೆ ಎತ್ತಿ ಮಾಡು ನೋಡಿದಳು. "ನಮ್ಮ ಹಂಚಲ್ಲೂ ಉಂಟಾ ಟೀಚರ್?" ಉಂಟು ಮಗಾ, ಸಹಜ ವಿಕಿರಣದ್ದು, ಚೂರೇ ಚೂರು.