ಮಿನಾಸ್ ಜೆರಾಯಿಸ್: ಕಡಲಿಲ್ಲದ ನಾಡಿನ ಗಣಿಚರಿತ್ರೆ

ಬ್ರೆಜಿಲ್‌ಗೆ ಬಂದ ಪೋರ್ಚುಗೀಸರು ಸುಮಾರು ಎರಡು ಶತಮಾನ ಕರಾವಳಿಯ ಕಬ್ಬಿನ ತೋಟಗಳಲ್ಲೇ ಉಳಿದರು. ಒಳನಾಡಿಗೆ ನುಗ್ಗಿದವರು ಸಾವೊ ಪೌಲೊದ ಬಂಡೈರಾಂಟಿಗಳು. ಮೂಲನಿವಾಸಿಗಳನ್ನು ಹಿಡಿದು ಗುಲಾಮರನ್ನಾಗಿ ಮಾರುವುದು ಅವರ ದಂಧೆ. 1690ರ ದಶಕದಲ್ಲಿ ಅವರಿಗೆ ಬೆಟ್ಟದ ಹೊಳೆಗಳಲ್ಲಿ ಚಿನ್ನ ಸಿಕ್ಕಿತು. ಇಂದು ಮಿನಾಸ್ ಜೆರಾಯಿಸ್ ಎನ್ನುವ ರಾಜ್ಯ ಹುಟ್ಟಿದ್ದೇ ಅಲ್ಲಿಂದ. ಆ ನೆಲದ ಒಡಲಲ್ಲಿದ್ದದ್ದನ್ನು ಮುನ್ನೂರು ವರ್ಷಗಳಿಂದ ಒಯ್ದವರು ಬೇರೆ, ಅದಕ್ಕೆ ಬೆಲೆ ತೆತ್ತವರು ಬೇರೆ.

ಚಿನ್ನಕ್ಕಾಗಿ ಮೊದಲು ಬಂದವರಿಗೂ ಆಮೇಲೆ ಬಂದವರಿಗೂ 1707ರಿಂದ 1709ರವರೆಗೆ ಕಾಳಗವೇ ನಡೆಯಿತು. 1711ರಲ್ಲಿ ವಿಲಾ ರಿಕಾ ಪಟ್ಟಣವಾಯಿತು. ಈಗಿನ ಓರು ಪ್ರೆತು ಅದೇ. ಹೊಳೆಯಲ್ಲಿ ಸೊಂಟದವರೆಗೆ ನಿಂತು ಮರದ ಅಗಲ ಬೋಗುಣಿಯಲ್ಲಿ ಮರಳು ಜಾಲಿಸಿದವರು ಆಫ್ರಿಕಾದಿಂದ ತಂದ ಗುಲಾಮರು. ಬೋಗುಣಿ ತಿರುಗಿಸಿದಂತೆ ಹಗುರ ಮರಳು ಅಂಚಿನಿಂದ ಹೊರಬೀಳುತ್ತದೆ, ಭಾರದ ಚಿನ್ನ ತಳದಲ್ಲಿ ಕೂರುತ್ತದೆ. ಪಶ್ಚಿಮ ಆಫ್ರಿಕಾದ ಚಿನ್ನದ ಸೀಮೆಯಿಂದ ಬಂದವರಿಗೆ ಈ ಕೆಲಸ ಕರಗತವಾಗಿತ್ತು. ಒಡೆಯರಿಗಿಂತ ಚೆನ್ನಾಗಿ ಬಲ್ಲವರನ್ನೇ ಚಾಟಿ ಹಿಡಿದು ದುಡಿಸಿಕೊಂಡದ್ದು ಈ ಚರಿತ್ರೆಯ ದೊಡ್ಡ ಅನ್ಯಾಯ.

ಸಿಕ್ಕ ಚಿನ್ನದಲ್ಲಿ ಐದನೇ ಒಂದು ಪಾಲು ಪೋರ್ಚುಗಲ್ ದೊರೆಗೆ. 1750ರ ನಂತರ ವರ್ಷಕ್ಕೆ ಸುಮಾರು 1,500 ಕಿಲೊ ಕೊಡಲೇಬೇಕೆಂಬ ಕಟ್ಟಳೆ ಬಂತು. ಹೊಳೆಗಳು ಬರಿದಾದರೂ ಲಿಸ್ಬನ್ ಲೆಕ್ಕ ಇಳಿಸಲಿಲ್ಲ. ಬಾಕಿಯನ್ನು ಬಲವಂತವಾಗಿ ವಸೂಲು ಮಾಡುವ ಭಯದಲ್ಲೇ 1789ರ ಸ್ವಾತಂತ್ರ್ಯದ ಸಂಚು ಹುಟ್ಟಿತು. ಸಂಚಿನಲ್ಲಿದ್ದ ಸಿರಿವಂತರು, ಕವಿಗಳಲ್ಲಿ ಹೆಚ್ಚಿನವರು ಗಡೀಪಾರಾಗಿ ಜೀವ ಉಳಿಸಿಕೊಂಡರು. ಹಲ್ಲು ಕೀಳುವ ಕೆಲಸವನ್ನೂ ಮಾಡುತ್ತಿದ್ದ ಕಿರಿಯ ಸೇನಾಧಿಕಾರಿ ಟಿರಾಡೆಂಟಿಸ್‌ನನ್ನು 1792ರ ಏಪ್ರಿಲ್ 21ರಂದು ಗಲ್ಲಿಗೇರಿಸಿದರು.

ಅದೇ ಕಾಲದ ಶಿಲ್ಪಿ ಅಲೆಜಾದಿನ್ಯೊ ಗುಲಾಮ ತಾಯಿಯ ಮಗ. ರೋಗದಿಂದ ಬೆರಳುಗಳು ಕೈಕೊಟ್ಟ ಮೇಲೂ ಆತ ಬಳಪದ ಕಲ್ಲಿನಲ್ಲಿ ಕೊಂಗೊನ್ಯಾಸ್‌ನ 12 ಪ್ರವಾದಿಗಳನ್ನು ಕಡೆದ. ಮಿನಾಸ್‌ನ ಚಿನ್ನದಲ್ಲಿ ಅಲ್ಲೇ ಉಳಿದ ಪಾಲು ಏನೆಂದು ಕೇಳಿದರೆ ನಾನು ಮೊದಲು ತೋರಿಸುವುದು ಇವುಗಳನ್ನೇ.

ಚಿನ್ನ ಮುಗಿದಾಗ ನಾಡೇ ಬಡವಾಗಿ ಬರಿದಾಯಿತು ಎಂದು ಇತಿಹಾಸಕಾರರು ಬಹುಕಾಲ ಬರೆದರು. 1980ರ ದಶಕದಿಂದ ಈಚೆಗಿನ ಸಂಶೋಧನೆ ಇದನ್ನು ತಿದ್ದಿದೆ. 19ನೇ ಶತಮಾನದಲ್ಲಿ ಬ್ರೆಜಿಲ್‌ನ ಪ್ರಾಂತಗಳಲ್ಲೇ ಅತಿ ಹೆಚ್ಚು ಗುಲಾಮರಿದ್ದದ್ದು ಇಲ್ಲಿ. ಮೆಕ್ಕೆಜೋಳ, ಹಂದಿ, ಗಿಣ್ಣು, ಕೈಮಗ್ಗದ ಬಟ್ಟೆ ಸುತ್ತಲ ಪೇಟೆಗಳಿಗೆ ಹೋಗುತ್ತಿದ್ದವು. ಆಮೇಲೆ ಕಾಫಿ ಬಂತು. ಇಂದು ಬ್ರೆಜಿಲ್ ಕಾಫಿಯ ಸುಮಾರು ಅರ್ಧ ಬೆಳೆಯುವುದು ಇದೇ ರಾಜ್ಯದಲ್ಲಿ. ಪಶ್ಚಿಮದ ಉಬೆರಾಬಾದ ಗೋಪಾಲಕರು 19ನೇ ಶತಮಾನದ ಕೊನೆಯಲ್ಲಿ ಭಾರತದಿಂದ ಹಿಣಿಲಿನ ದನಗಳನ್ನು ಹಡಗಿನಲ್ಲಿ ತರಿಸಿದರು. ನಮ್ಮ ಗಿರ್, ಕಾಂಕ್ರೇಜ್, ಒಂಗೋಲ್ ತಳಿಗಳ ಸಂತತಿ ಈಗ ಅಲ್ಲಿ ದೊಡ್ಡ ಉದ್ಯಮ.

1897ರಲ್ಲಿ ರಾಜಧಾನಿ ಓರು ಪ್ರೆತುವಿನಿಂದ ಬೆಲೊ ಹೊರಿಜಾಂಚಿಗೆ ಹೋಯಿತು. ಅಳೆದು ಗೆರೆ ಹಾಕಿ ಕಟ್ಟಿದ ಆ ನಗರಕ್ಕಾಗಿ ಅಲ್ಲಿದ್ದ ಹಳ್ಳಿಯನ್ನು ಕೆಡವಿದರು. ಅದೇ ನಗರದ ಮೇಯರ್ ಆಗಿದ್ದ ಜುಸೆಲಿನೊ ಕುಬಿಚೆಕ್ ಮುಂದೆ ರಾಷ್ಟ್ರಾಧ್ಯಕ್ಷರಾಗಿ ದೇಶದ ಹೊಸ ರಾಜಧಾನಿ ಬ್ರೆಸಿಲಿಯಾ ಕಟ್ಟಿಸಿದರು.

1942ರಲ್ಲಿ ವಾಲೆ ಗಣಿ ಕಂಪನಿ ಸರ್ಕಾರಿ ಉದ್ದಿಮೆಯಾಗಿ ಹುಟ್ಟಿದ ಮೇಲೆ ಕಬ್ಬಿಣದ ಕಾಲ. ಇಟಬಿರಾ ಊರಿನ ಕಾವೆ ಶಿಖರ ಅದಿರಾಗಿ ರೈಲು ಹತ್ತಿ ಕಣ್ಮರೆಯಾಯಿತು. 2015ರ ನವೆಂಬರ್ 5ರಂದು ಮರಿಯಾನಾ ಬಳಿ ಗಣಿತ್ಯಾಜ್ಯದ ಅಣೆಕಟ್ಟು ಒಡೆದು 19 ಜನ ಸತ್ತರು. ಕೆಸರು ದೋಸಿ ನದಿಗುಂಟ ಅಟ್ಲಾಂಟಿಕ್ ಸೇರಿತು. 2019ರ ಜನವರಿ 25ರಂದು ಬ್ರುಮಾದಿನ್ಯೊದಲ್ಲಿ ಮತ್ತೊಂದು ಒಡೆದು 270 ಜನ ಸತ್ತರು. ಕಾರ್ಮಿಕರ ಊಟದ ಕೋಣೆ ಆ ಕಟ್ಟೆಯ ಕೆಳಗೇ ಇತ್ತು, ಹೊತ್ತು ಮಧ್ಯಾಹ್ನದ ಊಟದ್ದು. ಇಂಥ ಕಡೆ ಊಟದ ಕೋಣೆ ಕಟ್ಟಿದ್ದನ್ನು ಆಕಸ್ಮಿಕ ಎನ್ನಲು ನನಗೆ ಮನಸ್ಸು ಬಾರದು.

ದೋಸಿ ದಡದಲ್ಲಿ ಕ್ರೆನಾಕ್ ಜನಾಂಗ ಬಾಳುತ್ತಿದೆ. 1808ರಲ್ಲಿ ಪೋರ್ಚುಗೀಸ್ ಯುವರಾಜ ಅಧಿಕೃತವಾಗಿ ಯುದ್ಧ ಸಾರಿದ್ದು ಇವರ ಪೂರ್ವಜರ ಮೇಲೆಯೇ. 2015ರ ನಂತರ ಇವರು ಕುಡಿಯುವ ನೀರಿಗೆ ಟ್ಯಾಂಕರ್ ಕಾಯಬೇಕಾಯಿತು. 2024ರ ಅಕ್ಟೋಬರ್‌ನಲ್ಲಿ ಮರಿಯಾನಾ ದುರಂತಕ್ಕೆ, ಅದುವರೆಗೆ ಖರ್ಚಾದದ್ದೂ ಸೇರಿ, 17 ಸಾವಿರ ಕೋಟಿ ರಿಯಲ್‌ಗಳ ಪರಿಹಾರ ಒಪ್ಪಂದವಾಯಿತು. ಅದರಲ್ಲಿ 10 ಸಾವಿರ ಕೋಟಿಯನ್ನು ಗಣಿ ಕಂಪನಿಗಳು 20 ವರ್ಷಗಳ ಕಂತಿನಲ್ಲಿ ಕಟ್ಟುತ್ತವೆ.